ದಿಗಿಲಿಗೆ ವೇಷ ಕಟ್ಟುವುದು ಹೇಗೆ?

ಒಂಟಿಯಾಗಿ ಕಾಡುವ ಆತಂಕವನ್ನು ಹತ್ತು ಜನ ಸೇರಿ ಆಡಿ ನೋಡಲು ಆರು ಭಾನುವಾರಗಳ ಒಂದು ಕ್ರಮ

ಭಾನುವಾರ ಸಂಜೆ. ತಾಲ್ಲೂಕು ಕೇಂದ್ರದ ಒಂದು ಪ್ರಾಥಮಿಕ ಶಾಲೆಯ ಕೊಠಡಿ. ಬೆಂಚುಗಳನ್ನೆಲ್ಲ ಗೋಡೆಗೆ ಒತ್ತರಿಸಿ ನಡುವೆ ಜಾಗ ಮಾಡಿಕೊಂಡಿದ್ದೆವು. ನಮ್ಮ ಹವ್ಯಾಸಿ ತಂಡದ ಹನ್ನೊಂದು ಜನರಲ್ಲಿ ಒಬ್ಬರು ಬ್ಯಾಂಕಿನಲ್ಲಿ ಕ್ಯಾಷಿಯರ್. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂಬುದು ಅವರ ಪಾಡು. ‘ಆ ರಾತ್ರಿಯನ್ನು ನಮ್ಮನ್ನೆಲ್ಲ ಬಳಸಿಕೊಂಡು ಇಲ್ಲಿ ಕಟ್ಟಿ ತೋರಿಸಿ’ ಎಂದೆ. ಅವರು ಒಬ್ಬೊಬ್ಬರನ್ನೇ ಕರೆದು ನಿಲ್ಲಿಸುತ್ತ ಹೋದರು. ಕಾಲೇಜು ಹುಡುಗ ಗೋಡೆ ಗಡಿಯಾರ. ಔಷಧಿ ಅಂಗಡಿಯವರು ಫ್ಯಾನು. ಲುಂಗಿಯುಟ್ಟು ಬಂದಿದ್ದ ನಿವೃತ್ತ ಮೇಷ್ಟ್ರು ಮುಂಬಾಗಿಲ ಚಿಲಕ. ಇನ್ನೊಬ್ಬ ಹೆಂಗಸು ಕಿವಿಯ ಹಿಂದೆ ನಿಂತು ‘ಚಿಲಕ ಹಾಕಿದೀಯಾ? ಸಂಜೆ ಕ್ಯಾಷ್ ಸರಿಯಾಗಿ ಎಣಿಸಿದೀಯಾ?’ ಎಂದು ಕೇಳುವ ದನಿ.

ಆಟ ಶುರುವಾಯಿತು. ದನಿಯ ಪಾತ್ರದವರು ಜೋರಾಗಿ, ಹೆದರಿಸುವ ಹಾಗೆ ಕೂಗಿದರು. ಕ್ಯಾಷಿಯರ್ ಕೈ ಅಡ್ಡ ಹಿಡಿದು ತಡೆದರು. ‘ಹಾಗಲ್ಲ ಅಕ್ಕಾ, ಅದು ಕೂಗಲ್ಲ. ಮೆಲ್ಲಗೆ, ನನ್ನ ಒಳ್ಳೇದಕ್ಕೇ ಹೇಳೋ ಥರ ಹೇಳುತ್ತೆ. ಎರಡು ಸಲ ಕೇಳಿ ಸುಮ್ಮನಾಗುತ್ತೆ. ನನಗೆ ಸಮಾಧಾನ ಆಗೋ ಹೊತ್ತಿಗೆ ಮತ್ತೆ ಶುರು ಹಚ್ಚುತ್ತೆ.’

ಕೊಠಡಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಎಷ್ಟೋ ವರ್ಷ ಆ ದನಿ ಹೇಳಿದಂತೆ ಎದ್ದು ಕೂತವರು ಈಗ ಆ ದನಿಗೇ ಹೇಗೆ ಮಾತಾಡಬೇಕೆಂದು ಹೇಳಿಕೊಡುತ್ತಿದ್ದರು. ಆತಂಕ ಹೋಗಿರಲಿಲ್ಲ, ಅವರು ನಿಂತ ಜಾಗ ಮಾತ್ರ ಬದಲಾಗಿತ್ತು. ಪಾತ್ರಧಾರಿಯಾಗಿದ್ದವರು ನಿರ್ದೇಶಕಿಯಾಗಿದ್ದರು.

ಈ ಜಾಗ ಬದಲಾವಣೆ ಮಾಡಿಸುವ ಬಗೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ. ಇದು ಚಿಕಿತ್ಸೆಯಲ್ಲ, ಚಿಕಿತ್ಸೆಯ ಬದಲಿಗೂ ಅಲ್ಲ. ರಂಗದ ಕಸುಬನ್ನು ಬಳಸಿಕೊಂಡು ದಿನನಿತ್ಯದ ಅಳುಕನ್ನು ನಾಲ್ಕು ಜನರ ನಡುವೆ ಇಟ್ಟು, ಸುತ್ತ ತಿರುಗಿ ನೋಡುವ ಕ್ರಮ. ಹವ್ಯಾಸಿ ನಾಟಕ ತಂಡ, ಮಹಿಳಾ ಸಂಘ, ಕಾಲೇಜಿನ ರಂಗ ಬಳಗ, ವಿದೇಶದಲ್ಲಿರುವ ಕನ್ನಡ ಕೂಟ, ಯಾರು ಬೇಕಾದರೂ ಮಾಡಬಹುದು. ಅಭಿನಯ ಬಂದಿರಬೇಕೆಂದೇನಿಲ್ಲ.

ಮೈ ಆಡುವ ನಾಟಕ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ 30.1 ಕೋಟಿ ಜನರಿಗೆ ಆತಂಕದ ಕಾಯಿಲೆಯಿತ್ತು. ಕಾಯಿಲೆಯ ಮಟ್ಟ ಮುಟ್ಟದ ಆತಂಕವನ್ನು ಲೆಕ್ಕ ಹಾಕುವವರೇ ಇಲ್ಲ. ಅದು ಎಲ್ಲರಲ್ಲೂ ಇರುವಂಥದ್ದು. ಮೇಲಧಿಕಾರಿಯ ಫೋನು ಬಂದಾಗ, ಫಲಿತಾಂಶದ ಹಿಂದಿನ ರಾತ್ರಿ, ಮಗಳು ಹೇಳಿದ ಹೊತ್ತಿಗೆ ಮನೆಗೆ ಬಾರದಾಗ ಮೆದುಳು ಅಪಾಯ ಬಂತೆಂದು ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ಹರಿಯುತ್ತದೆ. ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಕ್ಕೆ ಬರುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಹುಲಿ ಬಂದರೆ ಓಡಲು ಬೇಕಾದ ತಯಾರಿ ಇದು. ಬಂದದ್ದು ಹುಲಿಯಲ್ಲ, ವಾಟ್ಸ್ಆ್ಯಪ್ ಮೆಸೇಜು. ಓಡುವುದೆಲ್ಲಿಗೆ?

ನಮ್ಮ ರಂಗಶಾಸ್ತ್ರಕ್ಕೆ ಇದು ಹೊಸ ಸಂಗತಿಯಲ್ಲ. ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಪಟ್ಟಿ ಮಾಡುತ್ತದೆ. ಸ್ತಂಭ ಎಂದರೆ ಮರಗಟ್ಟಿ ನಿಲ್ಲುವುದು, ಸ್ವೇದ ಎಂದರೆ ಬೆವರು, ರೋಮಾಂಚ ಎಂದರೆ ಮೈಕೂದಲು ನಿಮಿರುವುದು, ಸ್ವರಭೇದ ಎಂದರೆ ದನಿ ಒಡೆಯುವುದು, ವೇಪಥು ಎಂದರೆ ನಡುಕ, ವೈವರ್ಣ್ಯ ಎಂದರೆ ಮುಖದ ಬಣ್ಣ ಇಳಿಯುವುದು, ಅಶ್ರು ಎಂದರೆ ಕಣ್ಣೀರು, ಪ್ರಳಯ ಎಂದರೆ ಎಚ್ಚರ ತಪ್ಪುವುದು. ಇವು ಆತಂಕಕ್ಕಷ್ಟೇ ಮೀಸಲಲ್ಲ, ಸಂತೋಷಕ್ಕೂ ಮೈ ಜುಮ್ಮೆನ್ನುತ್ತದೆ. ಆದರೂ ಗಾಬರಿಗೊಂಡವರು ವೈದ್ಯರ ಮುಂದೆ ಹೇಳಿಕೊಳ್ಳುವುದನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಭರತ ಹೇಳುವ 33 ವ್ಯಭಿಚಾರಿ ಭಾವಗಳಲ್ಲಿ ಶಂಕೆ, ಚಿಂತೆ, ತ್ರಾಸ, ಆವೇಗಗಳ ಜೊತೆ ಅವಹಿತ್ಥ ಎಂಬುದೊಂದಿದೆ. ಒಳಗಿನದು ಹೊರಗೆ ಕಾಣದಂತೆ ಮುಚ್ಚಿಕೊಳ್ಳುವುದು ಎಂದು ಅದರರ್ಥ. ‘ಏನಿಲ್ಲ ಬಿಡಿ, ಸ್ವಲ್ಪ ತಲೆನೋವು’ ಎಂದು ನಾವು ದಿನಾ ಆಡುವ ನಾಟಕ ಅದೇ. ಆತಂಕಪಡುವವರು ಆಗಲೇ ಒಳ್ಳೆಯ ನಟರು. ಹೊಸದಾಗಿ ಕಲಿಸಬೇಕಾದ್ದು ನಟಿಸುವುದನ್ನಲ್ಲ. ನಟನೆ ನಿಲ್ಲಿಸಿ ತೋರಿಸುವುದನ್ನು.

ತಲೆಯೊಳಗಿನ ಪೊಲೀಸ್

ಈ ಕ್ರಮಕ್ಕೆ ಹಿರಿಯರಿದ್ದಾರೆ. ವೈದ್ಯರಾಗಿದ್ದ ಜೇಕಬ್ ಲೆವಿ ಮೊರೆನೊ 1920ರ ದಶಕದಲ್ಲಿ ವಿಯೆನ್ನಾದಲ್ಲಿ, ಬರೆದಿಟ್ಟ ಮಾತಿಲ್ಲದೆ ಅಲ್ಲಲ್ಲೇ ಹೊಳೆದದ್ದನ್ನು ಆಡುವ ರಂಗವೊಂದನ್ನು ನಡೆಸಿದರು. ಮುಂದೆ ಅಮೆರಿಕಕ್ಕೆ ಹೋಗಿ ಅದನ್ನೇ ಸೈಕೋಡ್ರಾಮ ಎಂಬ ಚಿಕಿತ್ಸೆಯಾಗಿ ಬೆಳೆಸಿದರು. ಮಾತಾಡುತ್ತಿರುವವರ ಬೆನ್ನ ಹಿಂದೆ ಇನ್ನೊಬ್ಬರು ನಿಂತು, ಅವರು ನುಂಗಿಕೊಂಡ ಮಾತನ್ನು ಹೇಳುವುದು ಅಲ್ಲಿನ ಒಂದು ತಂತ್ರ. 1975ರಲ್ಲಿ ಅಮೆರಿಕದಲ್ಲೇ ಜೊನಾಥನ್ ಫಾಕ್ಸ್ ಮತ್ತು ಜೋ ಸಾಲಸ್ ಕಟ್ಟಿದ ಪ್ಲೇಬ್ಯಾಕ್ ಥಿಯೇಟರಿನಲ್ಲಿ ಪ್ರೇಕ್ಷಕರೊಬ್ಬರು ತಮ್ಮ ಅನುಭವ ಹೇಳುತ್ತಾರೆ, ನಟರು ಅಲ್ಲೇ ಅದನ್ನು ಆಡಿ ಅವರಿಗೆ ಮರಳಿಸುತ್ತಾರೆ.

ನಮ್ಮ ಕೆಲಸಕ್ಕೆ ತೀರ ಹತ್ತಿರದವರು ಬ್ರೆಜಿಲ್ಲಿನ ಆಗಸ್ಟೊ ಬೋಲ್. 1931ರಲ್ಲಿ ಹುಟ್ಟಿದ ಈ ರಂಗಕರ್ಮಿ ದಮನಿತರ ರಂಗಭೂಮಿಯನ್ನು ಕಟ್ಟಿದವರು. 1971ರಲ್ಲಿ ಮಿಲಿಟರಿ ಸರ್ಕಾರ ಅವರನ್ನು ಬಂಧಿಸಿ ಚಿತ್ರಹಿಂಸೆ ಕೊಟ್ಟಿತು. ದೇಶ ಬಿಟ್ಟು ಮೊದಲು ಅರ್ಜೆಂಟೀನಾಕ್ಕೆ ಹೋದರು, ಆಮೇಲೆ ಪ್ಯಾರಿಸ್ಸಿಗೆ ಬಂದರು. ಲ್ಯಾಟಿನ್ ಅಮೆರಿಕದಲ್ಲಿ ಜನ ತಮ್ಮನ್ನು ತುಳಿಯುವವರೆಂದು ತೋರಿಸುತ್ತಿದ್ದದ್ದು ಜಮೀನುದಾರರನ್ನು, ಪೊಲೀಸರನ್ನು. ಪ್ಯಾರಿಸ್ಸಿನವರು ಹೇಳಿಕೊಂಡದ್ದು ಒಂಟಿತನವನ್ನು, ಮಾತು ಹೊರಡದ ಸಂಕಟವನ್ನು, ಯಾವುದೋ ಖಾಲಿತನದ ಭಯವನ್ನು. ಪೊಲೀಸರ ಕೈಗೆ ಸಿಕ್ಕು ಬಂದವರಿಗೆ ಮೊದಮೊದಲು ಇದೆಲ್ಲ ಸಣ್ಣ ದೂರಾಗಿ ಕಂಡಿತಂತೆ. ಇಂಥ ಸಂಕಟಗಳಿಂದಲೂ ಜನ ಸಾಯುತ್ತಾರೆಂದು ತಿಳಿದ ಮೇಲೆ ಅವರ ನೋಟ ಬದಲಾಯಿತು. ಇಲ್ಲಿ ಪೊಲೀಸ್ ಬೀದಿಯಲ್ಲಿಲ್ಲ, ತಲೆಯೊಳಗಿದ್ದಾನೆ. ಅವನು ಒಳಹೊಕ್ಕದ್ದು ಹೇಗೆ, ಹೊರಗೆ ಕರೆಯುವುದು ಹೇಗೆಂದು ಹುಡುಕಬೇಕು. 1980ರ ದಶಕದ ಆರಂಭದಲ್ಲಿ ಹೆಂಡತಿ ಸಿಸಿಲಿಯಾ ಜೊತೆ ‘ತಲೆಯೊಳಗಿನ ಪೊಲೀಸ್’ ಎಂಬ ಹೆಸರಿನಲ್ಲೇ ಕಮ್ಮಟ ನಡೆಸಿದರು. ಬೋಲ್ 2009ರಲ್ಲಿ ತೀರಿಕೊಂಡರು. ಅವರ ವಿಧಾನ ನಮ್ಮ ದೇಶದಲ್ಲೂ ಬೇರುಬಿಟ್ಟಿದೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನ ಸಂಸ್ಕೃತಿ ತಂಡ 1985ರಿಂದ ಕೆಲಸ ಮಾಡುತ್ತ ಬಂದಿದೆ.

ಕೆಳಗಿನ ಕ್ರಮದಲ್ಲಿ ಬೋಲ್ ಅವರ ಆಟಗಳೇ ಹೆಚ್ಚು. ನಮ್ಮ ಕೊಠಡಿಗೆ, ನಮ್ಮ ಜನಕ್ಕೆ ಒಗ್ಗುವಂತೆ ಅಲ್ಲಲ್ಲಿ ಮಾರ್ಪಡಿಸಿಕೊಂಡಿದ್ದೇನೆ.

ಶುರುಮಾಡುವ ಮುನ್ನ

ಜನ: ಆರಕ್ಕಿಂತ ಕಡಿಮೆ ಬೇಡ, ಹನ್ನೆರಡಕ್ಕಿಂತ ಹೆಚ್ಚು ಬೇಡ. ಕಡಿಮೆಯಾದರೆ ಎಲ್ಲರ ಕಣ್ಣೂ ಒಬ್ಬರ ಮೇಲೇ ಬೀಳುತ್ತದೆ, ಹೆಚ್ಚಾದರೆ ಸಭೆಯಾಗುತ್ತದೆ. ಅಧಿಕಾರಿ ಮತ್ತು ಅವರ ಕೈಕೆಳಗಿನವರು, ಅತ್ತೆ ಮತ್ತು ಸೊಸೆ ಒಂದೇ ಗುಂಪಿನಲ್ಲಿ ಇರದಂತೆ ನೋಡಿಕೊಳ್ಳಿ.

ನಡೆಸುವವರು ಇಬ್ಬರು: ಒಬ್ಬರು ಸೂತ್ರಧಾರ, ಆಟ ನಡೆಸುವವರು. ಇನ್ನೊಬ್ಬರು ಆಡುವುದಿಲ್ಲ, ಬಾಗಿಲ ಬಳಿ ಕೂತು ಎಲ್ಲರ ಮುಖ ನೋಡುತ್ತಿರುತ್ತಾರೆ. ಯಾರಾದರೂ ಎದ್ದು ಹೊರಗೆ ಹೋದರೆ ಸದ್ದಿಲ್ಲದೆ ಜೊತೆಗೆ ಹೋಗುವುದು ಅವರ ಕೆಲಸ. ಆಪ್ತಸಮಾಲೋಚನೆಯಲ್ಲಿ ತರಬೇತಿ ಪಡೆದವರು ಸಿಕ್ಕರೆ ಈ ಜಾಗ ಅವರದೇ.

ಸ್ಥಳ ಮತ್ತು ಹೊತ್ತು: ಹೊರಗಿನವರು ಇಣುಕದ, ಒಳಗಿಂದ ಬೀಗ ಹಾಕದ ಕೊಠಡಿ. ಕುಡಿಯುವ ನೀರು, ನೆಲಕ್ಕೆ ಜಮಖಾನ, ಸುಸ್ತಾದವರಿಗೆ ಎರಡು ಕುರ್ಚಿ. ಒಂದು ಸಲಕ್ಕೆ ಎರಡು ಗಂಟೆ. ಮೊಬೈಲುಗಳೆಲ್ಲ ಒಂದು ಬುಟ್ಟಿಯಲ್ಲಿ. ಫೋಟೊ, ರೀಲ್ಸ್ ಯಾವುದೂ ಬೇಡ.

ನಾಲ್ಕು ಕಟ್ಟುಪಾಡು: ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು. ‘ಸಾಕು’ ಎಂದು ಯಾರೇ ಅಂದರೂ ಕಾರಣ ಕೇಳದೆ ಆಟ ನಿಲ್ಲಬೇಕು. ಕೇಳದೆ ಯಾರನ್ನೂ ಮುಟ್ಟಬಾರದು. ಯಾರೂ ಯಾರಿಗೂ ಬುದ್ಧಿವಾದ ಹೇಳಬಾರದು. ಕೊನೆಯದನ್ನು ಪಾಲಿಸುವುದೇ ನಮ್ಮವರಿಗೆ ಕಷ್ಟ. ‘ಬೆಳಿಗ್ಗೆ ಬೇಗ ಎದ್ದು ಪ್ರಾಣಾಯಾಮ ಮಾಡಿ, ಎಲ್ಲ ಸರಿಹೋಗುತ್ತೆ’ ಎಂಬ ಒಂದು ಮಾತು ಸಾಕು, ಆಗತಾನೇ ಬಾಯಿಬಿಟ್ಟವರು ಮತ್ತೆ ಮುಚ್ಚಿಕೊಳ್ಳುತ್ತಾರೆ.

ಯಾವ ಅಳುಕನ್ನು ತರಬೇಕು: ಹತ್ತಕ್ಕೆ ಅಂಕ ಹಾಕಿಕೊಳ್ಳಲು ಹೇಳಿ. ಹತ್ತೆಂದರೆ ನೆನೆದರೂ ಮೈ ಕುಸಿಯುವಂಥದ್ದು. ಕಮ್ಮಟಕ್ಕೆ ಬೇಕಾದ್ದು ಮೂರು ನಾಲ್ಕು ಅಂಕದ್ದು. ಸಭೆಯಲ್ಲಿ ಎದ್ದು ಮಾತಾಡುವುದು, ಇಂಗ್ಲಿಷಿನಲ್ಲಿ ಫೋನು ತೆಗೆದುಕೊಳ್ಳುವುದು, ನೆಂಟರ ಮದುವೆಯಲ್ಲಿ ‘ನಿಂದು ಯಾವಾಗ?’ ಎಂಬ ಪ್ರಶ್ನೆ, ಹೆದ್ದಾರಿಯಲ್ಲಿ ಸ್ಕೂಟರ್ ಓಡಿಸುವುದು, ಇಂಥವು. ಎಂಟು ಒಂಬತ್ತು ಅಂಕದ್ದನ್ನು ವೈದ್ಯರ ಬಳಿ ಬಿಚ್ಚಬೇಕು, ನಮ್ಮೆದುರು ಅಲ್ಲ.

ಆರು ಭಾನುವಾರ

ಮೊದಲನೆಯದು: ಹೆಸರು ಹುಡುಕುವುದು

ಎಲ್ಲರೂ ದುಂಡಗೆ ನಿಲ್ಲಿ. ಮನೆಯಲ್ಲಿ ಈ ಅನುಭವಕ್ಕೆ ಏನನ್ನುತ್ತಾರೆಂದು ಒಬ್ಬೊಬ್ಬರೂ ಒಂದು ಪದ ಹೇಳಬೇಕು. ‘ಆತಂಕ’ ಪತ್ರಿಕೆಯ ಪದ. ಅದನ್ನು ಬಿಟ್ಟು ಬೇರೆ ಹೇಳಿ ಎಂದರೆ ಗಣಿ ತೆರೆದುಕೊಳ್ಳುತ್ತದೆ. ದಿಗಿಲು, ಕಳವಳ, ತಳಮಳ, ಪುಕಪುಕ, ಚಡಪಡಿಕೆ, ಧಾವಂತ, ಗಾಬರಿ, ಅಳುಕು, ಟೆನ್ಷನ್, ‘ಏನೋ ಒಂಥರಾ’. ಪದ ಹೇಳಿದವರು ಅದಕ್ಕೊಂದು ಸದ್ದು, ಒಂದು ಚಲನೆ ಕೊಡಬೇಕು. ಉಳಿದವರೆಲ್ಲ ಅದನ್ನೇ ಮೂರು ಸಲ ಮಾಡಬೇಕು. ಪುಕಪುಕ ಹೊಟ್ಟೆಯಲ್ಲಿದೆ, ಧಾವಂತ ಕಾಲಿನಲ್ಲಿದೆ, ದಿಗಿಲು ಎದೆಯಲ್ಲಿದೆ, ತಳಮಳಕ್ಕೆ ನಿಂತ ಜಾಗವೇ ಇಲ್ಲ. ಒಂದೇ ರೋಗದ ಹತ್ತು ಹೆಸರು ಎಂದುಕೊಂಡದ್ದು ಬೇರೆಬೇರೆ ಅನುಭವಗಳೆಂದು ಮೈಗೆ ತಿಳಿಯುತ್ತದೆ.

ಆಮೇಲೆ ಎದೆಬಡಿತದ ಮೇಳ. ಎಡಗೈ ನಾಡಿಯ ಮೇಲೆ ಬಲಗೈ ಬೆರಳಿಟ್ಟು ಬಡಿತ ಹಿಡಿಯಿರಿ. ಅದೇ ಲಯವನ್ನು ಕಾಲಿನಿಂದ ನೆಲಕ್ಕೆ ಬಡಿಯಿರಿ. ಹತ್ತು ಜನರ ಹತ್ತು ಲಯ ಒಟ್ಟಿಗೆ ಕೇಳಿಸಿದಾಗ ಕೊಠಡಿಯೇ ಒಂದು ದೊಡ್ಡ ವಾದ್ಯವಾಗುತ್ತದೆ. ಇದಕ್ಕೆ ಪ್ರೇರಣೆ ಬೇರೆ ಕಡೆಯದು. 1980ರಲ್ಲಿ ಮರೀನಾ ಅಬ್ರಾಮೊವಿಚ್ ಮತ್ತು ಉಲಾಯ್ ಎಂಬ ಕಲಾವಿದರು ನಡುವೆ ಬಿಲ್ಲು ಹಿಡಿದು ಎದುರುಬದುರು ನಿಂತರು. ಬಿಲ್ಲು ಅವಳ ಕೈಯಲ್ಲಿ, ಹೆದೆಯೇರಿಸಿ ಎಳೆದ ಬಾಣ ಅವನ ಕೈಯಲ್ಲಿ, ಬಾಣದ ಮೊನೆ ಅವಳ ಎದೆಗೆ. ಇಬ್ಬರೂ ಹಿಂದಕ್ಕೆ ವಾಲಿದ್ದರಿಂದ ಇಬ್ಬರ ಭಾರವೇ ಬಿಲ್ಲನ್ನು ಬಿಗಿದಿತ್ತು. ಎದೆಗಳ ಬಳಿ ಮೈಕು. ಬಡಿತ ಏರುವುದನ್ನು ಸುಮಾರು ನಾಲ್ಕು ನಿಮಿಷ ಕೇಳಬಹುದಿತ್ತು. ಆ ಬಾಣ ನಮಗೆ ಖಂಡಿತ ಬೇಡ. ಮೈಕನ್ನಷ್ಟೇ ಎರವಲು ಪಡೆಯೋಣ. ಬಡಿತ ಕೇಳಿದರೇ ಹೆದರುವವರೂ ಇರುತ್ತಾರೆ. ಅಂಥವರು ನಾಡಿ ಬಿಟ್ಟು ಉಸಿರಿಗೆ ತಕ್ಕಂತೆ ಹೆಜ್ಜೆ ಹಾಕಲಿ.

ಎರಡನೆಯದು: ಶಿಲ್ಪ

ಇಬ್ಬಿಬ್ಬರು ಜೋಡಿಯಾಗಿ. ಒಬ್ಬರು ಶಿಲ್ಪಿ, ಇನ್ನೊಬ್ಬರು ಮಣ್ಣು. ಶಿಲ್ಪಿ ಮಾತಾಡದೆ, ಒಪ್ಪಿಗೆ ಇದ್ದರೆ ಮುಟ್ಟಿ, ಇಲ್ಲದಿದ್ದರೆ ತಾನೇ ಮಾಡಿ ತೋರಿಸಿ, ತನ್ನ ಅಳುಕಿನ ಆಕಾರವನ್ನು ಎದುರಿನವರ ಮೈಯಲ್ಲಿ ಕೆತ್ತಬೇಕು. ಹೆಗಲೆಷ್ಟು ಮೇಲಿದೆ, ಗದ್ದ ಎಲ್ಲಿಗೆ ತಿರುಗಿದೆ, ಬೆರಳು ಏನು ಮಾಡುತ್ತಿವೆ ಎಂದೆಲ್ಲ ತಿದ್ದಿ, ಆಮೇಲೆ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು. ತನ್ನ ಬೆನ್ನನ್ನು ತಾನು ನೋಡಿಕೊಂಡವರು ಯಾರಿದ್ದಾರೆ? ಇಲ್ಲಿ ನೋಡಬಹುದು.

ಮುಂದೆ ಗುಂಪಾಗಿ ಮೂರು ಶಿಲ್ಪ: ಈಗ ಹೇಗಿದೆ, ಹೇಗಿದ್ದರೆ ಚೆನ್ನ, ಇವೆರಡರ ನಡುವಿನ ದಾರಿ. ಮೊದಲೆರಡನ್ನು ಜನ ಬೇಗ ಕಟ್ಟುತ್ತಾರೆ. ಮೂರನೆಯದಕ್ಕೆ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಮುದುಡಿ ಕೂತ ಶಿಲ್ಪ ನಗುತ್ತ ನಿಲ್ಲಲು ಮೊದಲು ಯಾವ ಅಂಗ ಅಲ್ಲಾಡಬೇಕು? ನಮ್ಮಲ್ಲೊಬ್ಬರು ಕಣ್ಣು ಎಂದರು, ಇನ್ನೊಬ್ಬರು ಹಿಮ್ಮಡಿ ಎಂದರು. ಎರಡನ್ನೂ ಮಾಡಿ ನೋಡಿದೆವು. ಹಿಮ್ಮಡಿ ಊರಿದ ಮೇಲೆ ಕಣ್ಣು ತಾನಾಗಿ ಎದ್ದಿತು.

ಮೂರನೆಯದು: ದನಿಗಳು

ಇದು ಬೋಲ್ ಹೇಳಿದ ತಲೆಯೊಳಗಿನ ಪೊಲೀಸರನ್ನು ಹೊರಗೆ ಕರೆಯುವ ದಿನ. ಒಬ್ಬರು ಮೂರು ಅಂಕದ ಒಂದು ಸನ್ನಿವೇಶ ಆರಿಸಿ ಅದನ್ನು ಒಂದು ನಿಮಿಷ ಆಡುತ್ತಾರೆ, ಉದಾಹರಣೆಗೆ ಸಂದರ್ಶನದ ಕೊಠಡಿಗೆ ಕಾಲಿಡುವುದು. ಆ ಹೊತ್ತಿಗೆ ಒಳಗೆ ಯಾರ್‍ಯಾರು ಮಾತಾಡುತ್ತಾರೆಂದು ನೆನೆದು ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ವಾಕ್ಯ ಕೊಡುತ್ತಾರೆ. ‘ಎಲ್ಲ ಓದಿಯೂ ಇಷ್ಟೇನಾ?’, ‘ಪಕ್ಕದ ಮನೆ ಹುಡುಗಿ ಆಗಲೇ ಸೆಟ್ಲ್ ಆದಳು’, ‘ಮರ್ಯಾದೆ ಕಳೀಬೇಡ’. ದನಿಗಳು ಸುತ್ತ ನಿಂತು ತಮ್ಮ ವಾಕ್ಯವನ್ನೇ ಮತ್ತೆಮತ್ತೆ ಹೇಳುತ್ತವೆ. ಮಾಲೀಕರು ಅವನ್ನು ತಿದ್ದುತ್ತಾರೆ: ನೀನು ಎತ್ತರಕ್ಕೆ ನಿಲ್ಲು, ನೀನು ಹತ್ತಿರ ಬಾ, ನೀನು ಪಿಸುಗುಟ್ಟು.

ಆಮೇಲೆ ಅವರು ಒಂದೊಂದು ದನಿಯನ್ನೂ ಕೈಹಿಡಿದು ಬೇಕಾದಷ್ಟು ದೂರಕ್ಕೆ ಕರೆದೊಯ್ದು ನಿಲ್ಲಿಸಬೇಕು. ಓಡಿಸಿಬಿಡುವುದು ಗುರಿಯಲ್ಲ. ಕೆಲವನ್ನು ಕಿಟಕಿಯಾಚೆ ನಿಲ್ಲಿಸುತ್ತಾರೆ. ಕೆಲವನ್ನು ಬೇಕೆಂದೇ ಹತ್ತಿರ ಇಟ್ಟುಕೊಳ್ಳುತ್ತಾರೆ. ‘ಇದು ನಮ್ಮಜ್ಜಿ ದನಿ ಸರ್, ಇದಿರಲಿ’ ಎಂದವರಿದ್ದಾರೆ. ಆತಂಕದೊಳಗೆ ಎಷ್ಟೋ ಸಲ ಯಾರದೋ ಕಾಳಜಿಯೂ ಸೇರಿಕೊಂಡಿರುತ್ತದೆ. ಒಂದಕ್ಕೊಂದು ಹೆಣೆದುಕೊಂಡದ್ದನ್ನು ಬಿಡಿಸಲು ಮೈಗಳ ನಡುವಿನ ದೂರ ಒಳ್ಳೆಯ ಅಳತೆಗೋಲು.

ನಾಲ್ಕನೆಯದು: ತಡೆದು ಬದಲಿಸುವುದು

ಮೂರು ನಿಮಿಷದ ಒಂದು ದೃಶ್ಯ ಕಟ್ಟಿ. ಕೊನೆಯಲ್ಲಿ ಪಾತ್ರ ಸೋಲಬೇಕು. ಮದುವೆ ಮನೆ, ಊಟದ ಪಂಕ್ತಿ. ನೆಂಟರ ಪ್ರಶ್ನೆಗಳಿಗೆ ಉತ್ತರಿಸಲಾರದೆ ಹುಡುಗಿ ಎಲೆ ಬಿಟ್ಟು ಎದ್ದುಹೋಗುತ್ತಾಳೆ. ಒಂದು ಸಲ ಪೂರ್ತಿ ಆಡಿ. ಎರಡನೇ ಸಲ ಆಡುವಾಗ ನೋಡುತ್ತಿರುವವರು ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಎದ್ದು ಬಂದು, ಆ ಹುಡುಗಿಯ ಜಾಗದಲ್ಲಿ ನಿಂತು ಬೇರೆ ರೀತಿ ಮಾಡಿ ನೋಡಬಹುದು. ಉಳಿದ ಪಾತ್ರಗಳು ಸುಲಭಕ್ಕೆ ಬಿಟ್ಟುಕೊಡಬಾರದು. ಬೋಲ್ ಅವರ ಫೋರಂ ಥಿಯೇಟರಿನ ತಿರುಳು ಇದು. ಇಲ್ಲಿ ಪ್ರೇಕ್ಷಕರು ಸಲಹೆ ಕೊಡುವಂತಿಲ್ಲ, ಮಾಡಿಯೇ ತೋರಿಸಬೇಕು.

ನಮ್ಮಲ್ಲಿ ಈ ದೃಶ್ಯಕ್ಕೆ ಆರು ಜನ ಎದ್ದು ಬಂದರು. ಒಬ್ಬರು ಜಗಳವಾಡಿದರು, ನೆಂಟರು ಇನ್ನೂ ಬಲವಾದರು. ಒಬ್ಬರು ನಗಿಸಿ ತಪ್ಪಿಸಿಕೊಂಡರು. ಎರಡು ನಿಮಿಷಕ್ಕೆ ಪ್ರಶ್ನೆ ಮತ್ತೆ ಬಂತು. ಔಷಧಿ ಅಂಗಡಿಯವರು ಹುಡುಗಿಯಾಗಿ ಕೂತು, ಪ್ರಶ್ನೆ ಕೇಳಿದ ದೊಡ್ಡಮ್ಮನಿಗೆ ‘ನಿಮ್ಮ ಮಂಡಿನೋವು ಹೇಗಿದೆ ದೊಡ್ಡಮ್ಮ?’ ಎಂದರು. ದೊಡ್ಡಮ್ಮನ ಪಾತ್ರದವರಿಗೆ ಮಾತು ಬದಲಿಸದೆ ಗತ್ಯಂತರವಿರಲಿಲ್ಲ. ತನ್ನ ನೋವನ್ನು ಯಾರಾದರೂ ಕೇಳಲೆಂದೇ ಕಾದಿದ್ದವರಂತೆ ಹೇಳತೊಡಗಿದರು. ಸರಿಯುತ್ತರ ಅದೊಂದೇ ಅಂತಲ್ಲ. ಸೋತ ಜಾಗದಲ್ಲೇ ಆರು ಬಾಗಿಲಿದ್ದವು ಎಂದು ಆ ದೃಶ್ಯದ ಹುಡುಗಿ ಕೂತು ನೋಡಿದಳು. ಆತಂಕ ತೋರಿಸುವುದು ಯಾವಾಗಲೂ ಒಂದೇ ಬಾಗಿಲನ್ನು.

ಐದನೆಯದು: ಕಟ್ಟುವುದು

ಈವರೆಗಿನ ಸದ್ದು, ಶಿಲ್ಪ, ದನಿ, ದೃಶ್ಯಗಳಿಂದ ಹದಿನೈದು ನಿಮಿಷದ ಪ್ರಯೋಗ ಕಟ್ಟಿ. ಕಥೆ ಬೇಕಿಲ್ಲ. ಎದೆಬಡಿತದ ಮೇಳದಿಂದ ಶುರುಮಾಡಿ, ನಡುವೆ ಎರಡು ಮೂರು ಶಿಲ್ಪ, ಒಂದು ದೃಶ್ಯ ಇಟ್ಟು, ಕೊನೆಗೆ ಮತ್ತೆ ಮೇಳಕ್ಕೆ ಮರಳಿದರೆ ಸಾಕು. ಎರಡು ನಿಯಮ ಮಾತ್ರ ಬಿಡಬೇಡಿ. ತನ್ನ ಅನುಭವವನ್ನು ತಾನೇ ಆಡಬಾರದು, ಇನ್ನೊಬ್ಬರಿಗೆ ಕೊಡಬೇಕು. ಮತ್ತೆ, ಇಬ್ಬರು ಮೂವರ ಅನುಭವ ಬೆರೆಸಿ ಒಂದು ಮಾಡಬೇಕು, ಇದು ಯಾರದೆಂದು ನೋಡುವವರಿಗೆ ಗುರುತು ಹತ್ತಬಾರದು. ಚಿಕ್ಕ ಊರಿನಲ್ಲಿ ಇದು ತೀರ ಮುಖ್ಯ.

ಆರನೆಯದು: ತೋರಿಸುವುದು

ಇಪ್ಪತ್ತು ಮೂವತ್ತು ಜನ ನೋಡುಗರು ಸಾಕು. ವಿಷಯ ಏನೆಂದು ಮೊದಲೇ ಹೇಳಿ, ನಡುವೆ ಎದ್ದುಹೋಗಬಹುದೆಂದೂ ಹೇಳಿ. ಬಾಗಿಲಲ್ಲಿ ಎರಡು ಬಣ್ಣದ ಚೀಟಿ ಇಡಿ. ಒಂದರಲ್ಲಿ ತಮ್ಮ ಆತಂಕ, ಇನ್ನೊಂದರಲ್ಲಿ ತಮ್ಮ ಭರವಸೆ, ಹೆಸರಿಲ್ಲದೆ ಬರೆದು ಗೋಡೆಗೆ ಕಟ್ಟಿದ ದಾರಕ್ಕೆ ಸಿಕ್ಕಿಸಲಿ. 2018ರಲ್ಲಿ ನ್ಯೂಯಾರ್ಕಿನ ರೂಬಿನ್ ಮ್ಯೂಸಿಯಮ್ಮಿನಲ್ಲಿ ಕ್ಯಾಂಡಿ ಚಾಂಗ್ ಮತ್ತು ಜೇಮ್ಸ್ ರೀವ್ಸ್ ಹೀಗೇ ಒಂದು ಗೋಡೆ ಮಾಡಿದ್ದರು. ಬಂದವರು ಬರೆದ ಚೀಟಿಗಳು 50,000 ದಾಟಿದವು. ನಮ್ಮ ಗೋಡೆಯಲ್ಲಿ ಸಿಕ್ಕಿದ್ದು 27. ಒಂದೇ ಕೈಬರಹವೆನ್ನುವಷ್ಟು ಹೋಲುವ ಮಾತುಗಳು ಬೇರೆಬೇರೆ ಕೈಗಳಲ್ಲಿದ್ದವು: ಸಾಲ, ಮಕ್ಕಳ ಕೆಲಸ, ಅಪ್ಪನ ರಿಪೋರ್ಟು, ಬೋರ್‌ವೆಲ್ ನೀರು.

ಬಣ್ಣ ತೆಗೆಯದೆ ಮನೆಗೆ ಹೋಗಬೇಡಿ

ಯಕ್ಷಗಾನದ ಚೌಕಿಯಲ್ಲಿ ಆಟ ಮುಗಿದ ಮೇಲೆ ನಡೆಯುವುದನ್ನು ನೋಡಿದವರಿಗೆ ಗೊತ್ತು. ಕಿರೀಟ ಇಳಿಸಿ, ಕಟ್ಟು ಬಿಚ್ಚಿ, ತೆಂಗಿನೆಣ್ಣೆ ಹಚ್ಚಿ ಉಜ್ಜಿ ಉಜ್ಜಿ ಬಣ್ಣ ತೆಗೆಯುತ್ತಾರೆ. ರಾತ್ರಿಯೆಲ್ಲ ರಕ್ಕಸನಾಗಿದ್ದವರು ಬೆಳಗಾಗುವ ಹೊತ್ತಿಗೆ ಚಹಾ ಕುಡಿಯುವ ಮನುಷ್ಯರಾಗಿ ಹೊರಬರುತ್ತಾರೆ. ನಮ್ಮ ಕೆಲಸದಲ್ಲೂ ಪ್ರತಿ ಭಾನುವಾರದ ಕೊನೆಯ ಹದಿನೈದು ನಿಮಿಷ ಇದಕ್ಕೇ ಮೀಸಲು. ಪಾತ್ರ ಮಾಡಿದವರು ಮೈ ಕೊಡವಿ, ತಮ್ಮ ಹೆಸರು ಹೇಳಿ, ‘ನಾನು ಚಿಲಕ ಅಲ್ಲ, ನಾನು ಇಂಥವನು’ ಎನ್ನಬೇಕು. ಆಮೇಲೆ ಮುಖ ತೊಳೆದು, ಸಂಜೆ ಮನೆಯಲ್ಲಿ ಏನು ಅಡುಗೆ ಎಂದು ಒಬ್ಬೊಬ್ಬರೂ ಹೇಳಬೇಕು. ಬಾಲಿಶ ಎನಿಸಬಹುದು. ಬಿಟ್ಟರೆ ಏನಾಗುತ್ತದೆಂದು ನಾನು ಕಂಡಿದ್ದೇನೆ.

ಮೊದಲ ಸಲ ಇಂಥ ಕಮ್ಮಟ ನಡೆಸಿದಾಗ ನನಗೆ ಒಳ್ಳೆಯ ದೃಶ್ಯದ ಆಸೆ ಹೆಚ್ಚಿತ್ತು. ಒಬ್ಬ ಹುಡುಗಿ ಅಪ್ಪನ ಬಗ್ಗೆ ಮಾತು ಶುರುಮಾಡಿ ನಿಲ್ಲಿಸಿದಳು. ‘ಹೇಳಮ್ಮ, ಇಲ್ಲಿ ಎಲ್ಲ ನಮ್ಮವರೇ’ ಎಂದು ಒತ್ತಾಯಿಸಿದೆ. ಅವಳು ಹೇಳಿದಳು, ಅತ್ತಳು, ಎಲ್ಲರೂ ಅತ್ತರು. ಹೊತ್ತಾಯಿತೆಂದು ಹಾಗೇ ಎದ್ದು ಬಸ್ಸಿಗೆ ಹೋದೆವು. ಮುಂದಿನ ವಾರ ಅವಳು ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಅಂದು ನಾವೆಲ್ಲ ಅತ್ತದ್ದನ್ನು ಯಶಸ್ಸೆಂದು ತಿಳಿದಿದ್ದೆ. ಅವಳನ್ನು ಬಣ್ಣದಲ್ಲೇ ಮನೆಗೆ ಕಳಿಸಿದ್ದೆ. ‘ಸಾಕು’ ಎಂಬ ಮಾತು, ಮೂರು ಅಂಕದ ಮಿತಿ, ಬಾಗಿಲ ಬಳಿಯ ಕಾವಲು, ಮೇಲೆ ಹೇಳಿದ ಕಟ್ಟುಪಾಡುಗಳಲ್ಲಿ ಅರ್ಧದಷ್ಟು ಅವಳಿಂದ ಕಲಿತವು.

ನಡುವೆ ಯಾರಿಗಾದರೂ ಗಾಬರಿ ಹೆಚ್ಚಾದರೆ

ಆಟ ನಿಲ್ಲಿಸಿ, ಗುಂಪನ್ನು ದೂರ ಕೂರಿಸಿ. ಒಬ್ಬರೇ ಪಕ್ಕದಲ್ಲಿರಿ. ಪಾದ ನೆಲಕ್ಕೆ ಊರಿ ಕೂರಲು ಹೇಳಿ. ಉಸಿರು ಒಳಗೆಳೆಯುವುದಕ್ಕಿಂತ ಹೊರಬಿಡುವುದು ನಿಧಾನವಾಗಿರಲಿ, ನೀವೂ ಜೊತೆಗೆ ಮಾಡಿ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ. ‘ಏನಾಯ್ತು, ಯಾಕಾಯ್ತು’ ಎಂದು ಆಗ ಕೇಳಬೇಡಿ. ಗಾಬರಿಯ ಅಲೆ ಸಾಮಾನ್ಯವಾಗಿ ಕೆಲವು ನಿಮಿಷದಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಆದರೆ ಎದೆ ಹಿಂಡುವ ನೋವು, ತೋಳಿಗೆ ಅಥವಾ ದವಡೆಗೆ ಹರಿಯುವ ನೋವು, ಎಚ್ಚರ ತಪ್ಪುವುದು ಕಂಡರೆ ಟೆನ್ಷನ್ ಎಂದು ನೀವೇ ತೀರ್ಮಾನಿಸಬೇಡಿ. ನೇರ ಆಸ್ಪತ್ರೆಗೆ ಹೊರಡಿ.

ಯಾರಿಗೆ ಇದು ಬೇಡ

ಇತ್ತೀಚೆಗೆ ಸಾವು, ಅಪಘಾತ, ಹಲ್ಲೆ ಕಂಡವರು, ಬದುಕು ಬೇಡವೆನ್ನಿಸುತ್ತಿರುವವರು, ಬೇರೆಯವರಿಗೆ ಕೇಳದ ದನಿಗಳು ನಿಜವಾಗಿ ಕೇಳಿಸುತ್ತಿರುವವರು ಮೊದಲು ವೈದ್ಯರನ್ನು ಕಾಣಲಿ. ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರನ್ನು ಕೇಳಿ ಬರಲಿ. ಮಾತ್ರೆ ನಿಲ್ಲಿಸುವ ಮಾತೇ ಇಲ್ಲ. ಆತಂಕ ತಿಂಗಳುಗಟ್ಟಲೆ ಬಿಡದೆ ನಿದ್ದೆ, ಊಟ, ಕೆಲಸ, ಸಂಬಂಧಗಳನ್ನು ಕೆಡಿಸುತ್ತಿದ್ದರೆ ಅದು ಆಡಿ ನೋಡುವ ಅಳುಕಲ್ಲ, ಚಿಕಿತ್ಸೆ ಬೇಡುವ ಕಾಯಿಲೆ, ಮತ್ತು ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ, ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವ ವಹಿಸಿರುವ ಟೆಲಿ ಮನಸ್ ಸಹಾಯವಾಣಿಗೆ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಕಮ್ಮಟದ ಗೋಡೆಗೆ ಈ ಸಂಖ್ಯೆಯನ್ನು ಮೊದಲ ದಿನವೇ ದೊಡ್ಡದಾಗಿ ಬರೆದು ಅಂಟಿಸಿ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಹೆದರಿಸುವ ಸಂಗತಿಗೆ ಸ್ವಲ್ಪಸ್ವಲ್ಪವೇ ಹತ್ತಿರವಾಗುತ್ತ ಹೋಗುವುದು ಮನೋಚಿಕಿತ್ಸೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ದಾರಿ. ಈ ಆಟ ಅದಕ್ಕೆ ದೂರದ ನೆಂಟ, ಅದೇ ಅಲ್ಲ. ಆರು ಭಾನುವಾರದಲ್ಲಿ ಆತಂಕ ಹೋಗುತ್ತದೆಂದು ಯಾರಾದರೂ ಪೋಸ್ಟರ್ ಹಾಕಿದರೆ ನಂಬಬೇಡಿ. ಸಿಗುವುದು ಇಷ್ಟು: ಹೆಸರಿಲ್ಲದ್ದಕ್ಕೆ ಒಂದು ಹೆಸರು, ಆಕಾರವಿಲ್ಲದ್ದಕ್ಕೆ ಒಂದು ಆಕಾರ, ಮತ್ತು ಅದನ್ನು ತಮ್ಮ ಮೈಯಲ್ಲಿ ಹೊತ್ತು ನೋಡಿದ ಹತ್ತು ಜನರ ಪರಿಚಯ.

ನಮ್ಮ ಪ್ರಯೋಗ ಮುಗಿದು ಎರಡು ತಿಂಗಳಾದ ಮೇಲೆ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನಾಚೆ ನೋಟು ಎಣಿಸುತ್ತಿದ್ದ ಕ್ಯಾಷಿಯರ್ ತಲೆಯೆತ್ತಿ ನಕ್ಕರು. ನಿದ್ದೆ ಹೇಗಿದೆ ಎಂದೆ. ‘ಮೂರು ಗಂಟೆಗೆ ಈಗಲೂ ಎಚ್ಚರ ಆಗುತ್ತೆ ಸರ್. ಒಂದೊಂದು ದಿನ ಚಿಲಕ ನೋಡೋಕೂ ಏಳ್ತೀನಿ,’ ಅಂದರು. ರಬ್ಬರ್ ಬ್ಯಾಂಡ್ ಸುತ್ತಿ ಕಟ್ಟನ್ನು ಪಕ್ಕಕ್ಕಿಟ್ಟರು. ‘ಏನು ಮಾಡೋದು, ಬಾಗಿಲ ಹತ್ತಿರ ಹೋದ್ರೆ ಮೇಷ್ಟ್ರು ಲುಂಗಿ ಎತ್ತಿಕಟ್ಟಿ ನಿಂತಿರ್ತಾರೆ. ನಗು ಬಂದುಬಿಡುತ್ತೆ.’